ಪದಚರ್ಚೆ: ಕಲ್ಪಿತ ರಾಜ್ಯದ ‘ಹೌಸ್’ಗೆ ಕನ್ನಡದಲ್ಲಿ ಏನನ್ನಬೇಕು? ಮನೆ, ಮನೆತನ, ವಂಶ, ಬೀಡು

ಪ್ರಶ್ನೆ

ಕಲ್ಪಿತ ರಾಜ್ಯವೊಂದರ ಪ್ರಬಲ ಕುಟುಂಬದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದಿದೆ. ಹೆಸರು ಮೊರ್ವಾನ್ ಎಂದಿಟ್ಟುಕೊಳ್ಳಿ. ಮೂಲಪುರುಷ ಕಡಲಂಚಿನಲ್ಲಿ ಕೋಟೆ ಕಟ್ಟುತ್ತಾನೆ. ಮೂರನೆಯ ತಲೆಮಾರಿಗೆ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ಗುರುತು ಕರಡಿ. ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂಬುದು ಅವರ ಘೋಷ. ಒಮ್ಮೆ ಗಂಡು ಸಂತಾನವಿಲ್ಲದೆ ಪಟ್ಟ ಸೋದರಳಿಯನಿಗೆ ಹೋಗುತ್ತದೆ. ಕೊನೆಗೆ ಅರಸನ ಮೇಲೆ ತಿರುಗಿಬಿದ್ದು ಅಳಿಯುತ್ತಾರೆ.

ಇಂಗ್ಲಿಷಿನಲ್ಲಿ ಇಂಥ ಕಥೆ ಬರೆಯುವವರು ಕುಟುಂಬ, ಅದರ ಆಸ್ತಿ, ಅದರ ಪಕ್ಷ, ಅದರ ಗೌರವ ಎಲ್ಲಕ್ಕೂ ‘ಹೌಸ್’ ಎಂಬ ಒಂದೇ ಮಾತು ಬಳಸುತ್ತಾರೆ. ‘ಮೊರ್ವಾನ್ ಮನೆ’, ‘ಮೊರ್ವಾನ್ ಮನೆತನ’, ‘ಮೊರ್ವಾನ್ ವಂಶ’ ಇವುಗಳಲ್ಲಿ ಯಾವುದು ಸರಿ? ಘೋಷಕ್ಕೆ ‘ಮನೆಮಾತು’ ಎನ್ನಬಹುದೇ? ಅವರಿಗೆ ನಿಷ್ಠರಾದ ಸಣ್ಣ ಒಡೆಯರನ್ನು ಏನೆಂದು ಕರೆಯಬೇಕು?

ಉತ್ತರ 1

‘ಮೊರ್ವಾನ್ ಮನೆ’ಯನ್ನು ಮೊದಲು ಕೈಬಿಡಿ. ಓದುಗನ ಕಣ್ಣಿಗೆ ಅದು ಗೋಡೆ, ಸೂರು, ಜಗಲಿ. ‘ಮೊರ್ವಾನ್ ಮನೆ ಬಿತ್ತು’ ಎಂದು ಬರೆದರೆ ಮಳೆಗೆ ಗೋಡೆ ಕುಸಿಯಿತೆಂದೇ ಅರ್ಥ. ‘ಮನೆ ಒಡೆಯಿತು’ ಎಂದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು ಎಂದು, ಹಾಗಾಗಿ ಮೂರನೆಯ ತಲೆಮಾರಿನ ಜಗಳಕ್ಕೆ ಮಾತ್ರ ಅದು ಚೆನ್ನಾಗಿ ಒಗ್ಗುತ್ತದೆ. ಆಡುಮಾತಿನಲ್ಲಿ ‘ಪಟೇಲರ ಮನೆಯವರು’, ‘ದೊಡ್ಡಮನೆಯವರು’ ಎನ್ನುತ್ತೇವೆ. ಅಲ್ಲಿ ಅರ್ಥ ಹೊರುವುದು ‘ಅವರು’ ಎಂಬ ಪ್ರತ್ಯಯ. ಪಾತ್ರಗಳ ಬಾಯಲ್ಲಿ ‘ಮೊರ್ವಾನರ ಮನೆಯವರು’ ಬರಲಿ, ತಪ್ಪಿಲ್ಲ.

‘ಮನೆಮಾತು’ ಬೇಡವೇ ಬೇಡ. ಅದಕ್ಕೆ ಆಗಲೇ ಎರಡು ಅರ್ಥಗಳು ಗಟ್ಟಿಯಾಗಿ ಕೂತಿವೆ: ಎಲ್ಲರಿಗೂ ಪರಿಚಿತವಾದ ಹೆಸರು, ಮತ್ತು ಮನೆಯಲ್ಲಿ ಆಡುವ ಭಾಷೆ. ‘ಮೊರ್ವಾನರ ಮನೆಮಾತು’ ಎಂದರೆ ಅವರು ಯಾವ ಭಾಷೆಯವರು ಎಂಬ ಪ್ರಶ್ನೆ ಏಳುತ್ತದೆ.

ಇನ್ನು ಮುಖ್ಯ ಸಂಗತಿ. ಕನ್ನಡದಲ್ಲಿ ಚರಿತ್ರೆ ಬರೆಯುವಾಗ ‘ಹೌಸ್’ ಇರುವ ಬಹುಪಾಲು ಜಾಗಗಳಲ್ಲಿ ಯಾವ ನಾಮಪದವೂ ಬೇಕಿಲ್ಲ, ಬಹುವಚನವೊಂದು ಸಾಕು. ಗಂಗರು, ಕದಂಬರು, ನೊಳಂಬರು, ಸಿಂದರು, ರಟ್ಟರು. ‘ಗಂಗ ಮನೆತನವು ತಲಕಾಡನ್ನು ಆಳಿತು’ ಎನ್ನುವುದಕ್ಕಿಂತ ‘ಗಂಗರು ತಲಕಾಡಿನಿಂದ ಆಳಿದರು’ ಎಂಬುದು ಸಹಜ. ಪ್ರತಿ ಸಾಲಿನಲ್ಲೂ ‘ಮನೆತನವು ನಿರ್ಧರಿಸಿತು, ಮನೆತನವು ದಂಡೆತ್ತಿತು’ ಎಂದು ಬರೆದರೆ ಕಚೇರಿಯ ಸುತ್ತೋಲೆಯಂತಾಗುತ್ತದೆ.

ಹಾಗಾಗಿ ಹೆಸರಿಡುವಾಗಲೇ ಅದರ ಕೊನೆಯ ಅಕ್ಷರವನ್ನು ಪರೀಕ್ಷಿಸಿ. ಅಕಾರದಲ್ಲಿ ಮುಗಿದರೆ ‘ರು’ ನೇರವಾಗಿ ಹತ್ತುತ್ತದೆ. ‘ನ್’ ಕೊನೆಗಿದ್ದರೂ ಸುಲಭ: ರೋಮನ್, ರೋಮನರು, ಜರ್ಮನ್, ಜರ್ಮನರು, ಅದೇ ದಾರಿಯಲ್ಲಿ ಮೊರ್ವಾನರು. ಇಕಾರಾಂತ ಹೆಸರುಗಳು ತೊಡಕಿನವು. ಲೋದಿಗಳು, ಖಿಲ್ಜಿಗಳು ಎಂದು ‘ಗಳು’ ಹಚ್ಚುವುದು ರೂಢಿ. ಕಲ್ಪಿತ ಹೆಸರಿಗೆ ‘ಯರು’ ಹಚ್ಚಿದರೆ ಹುಡುಗಿಯರು, ರಾಣಿಯರು ಎಂಬಂತೆ ಹೆಂಗಸರ ಗುಂಪಾಗಿ ಕೇಳುವ ಅಪಾಯವಿದೆ. ಊರಿನ ಹೆಸರೇ ಕುಟುಂಬದ ಹೆಸರಾದರೆ ಕೆಳದಿ ನಾಯಕರು ಎಂಬಂತೆ ಪದವಿಯನ್ನು ಜೊತೆಗಿಡಿ.

ಈ ಬಹುವಚನಕ್ಕೆ ಒಂದು ದೋಷವೂ ಉಂಟು. ಗೌರವಕ್ಕೂ ನಾವು ಅದನ್ನೇ ಬಳಸುವುದರಿಂದ ‘ಮೊರ್ವಾನರು ಸಭೆಗೆ ಬಂದರು’ ಎಂದರೆ ಒಬ್ಬರೋ ಹತ್ತು ಮಂದಿಯೋ ತಿಳಿಯುವುದಿಲ್ಲ. ಒಬ್ಬನ ಮಾತಾದಾಗ ಅವನ ಹೆಸರನ್ನೇ ಬರೆಯಿರಿ, ಇಲ್ಲವೇ ‘ಮೊರ್ವಾನರ ಹಿರಿಯ’ ಎನ್ನಿ.

ನಾಮಪದ ಬೇಕೇಬೇಕಾದ ಕಡೆ ಪದಗಳನ್ನು ಬೇರೆಬೇರೆ ಕೆಲಸಕ್ಕೆ ಹಂಚಿ. ‘ವಂಶ’ ರಕ್ತದ ಸಾಲು. ಸಂಸ್ಕೃತದಲ್ಲಿ ಬಿದಿರಿಗೂ ಅದೇ ಹೆಸರು. ಗೆಣ್ಣಿನ ಮೇಲೆ ಗೆಣ್ಣು ಬಂದಂತೆ ತಲೆಮಾರು. ಮೂಲಪುರುಷ, ಪೀಳಿಗೆ, ನಿರ್ವಂಶ ಇವೆಲ್ಲ ಅದರ ಜೊತೆಯವು. ‘ಮನೆತನ’ ಅದಕ್ಕಿಂತ ಅಗಲ. ಬಡತನ, ದೊಡ್ಡತನಗಳಲ್ಲಿ ‘ತನ’ ಗುಣವನ್ನು ಹೇಳುತ್ತದೆ. ಇಲ್ಲಿ ಆ ಗುಣ ಒಂದು ಗುಂಪಾಗಿ ನಿಂತಿದೆ. ಮನೆಯ ಮರ್ಯಾದೆ, ನಡಾವಳಿ, ಆಸ್ತಿ, ಸಂಬಂಧ ಬೆಳೆಸಲು ಯೋಗ್ಯತೆ ಎಲ್ಲ ಅದರೊಳಗುಂಟು. ಹೆಣ್ಣು ತರುವ ಮುಂಚೆ ಮನೆತನ ನೋಡುತ್ತಾರೆ, ವಂಶ ನೋಡುತ್ತಾರೆಂದು ಯಾರೂ ಹೇಳುವುದಿಲ್ಲ. ಸೊಸೆಯಾಗಿ ಬಂದವಳು ಹುಟ್ಟಿನಿಂದ ಆ ವಂಶದವಳಲ್ಲ, ಆದರೆ ಮನೆತನದ ಹಿರಿಯಳಾಗಬಲ್ಲಳು. ನಿಮ್ಮ ಕಥೆಯ ಒಳಜಗಳಗಳಿಗೆ ಈ ವ್ಯತ್ಯಾಸ ತುಂಬ ಉಪಯೋಗಕ್ಕೆ ಬರುತ್ತದೆ.

‘ಸಂತತಿ’ ಪಠ್ಯಪುಸ್ತಕದ ಮಾತು. ಗುಲಾಮಿ ಸಂತತಿ, ತುಘಲಕ್ ಸಂತತಿ ಎಂದು ಸಿಂಹಾಸನದ ಮೇಲೆ ಕೂತವರಿಗೆ ಹೇಳುತ್ತೇವೆ. ಅರಸನ ಕೈಕೆಳಗಿನವರಿಗೆ ಒಪ್ಪುವುದಿಲ್ಲ. ‘ಕುಲ’ ಶಾಸನಗಳಲ್ಲಿ ಧಾರಾಳವಾಗಿದೆ, ಹೊಯ್ಸಳರು ‘ಯಾದವಕುಲಾಂಬರದ್ಯುಮಣಿ’ಗಳು. ಆದರೆ ಇಂದಿನ ಓದುಗನ ಕಿವಿಗೆ ಅದು ಜಾತಿ. ‘ಅನ್ವಯ’ ಹಳಗನ್ನಡದಲ್ಲಿ ಸೊಗಸಾದ ಪದ, ಜೈನ ಗುರುಪರಂಪರೆಗೂ ‘ಕೊಂಡಕುಂದಾನ್ವಯ’ ಎಂದಿದೆ. ಈಗ ಅದು ‘ಕಾಯ್ದೆಯ ಅನ್ವಯ’ಕ್ಕೆ ಸೇರಿಹೋಗಿದೆ.

ಉತ್ತರ 2

ಪದವೊಂದನ್ನು ಹುಡುಕುವುದಕ್ಕಿಂತ, ಸಾಮಂತ ಮನೆತನವೊಂದು ತನ್ನನ್ನು ಹೇಗೆ ಪರಿಚಯಿಸಿಕೊಳ್ಳುತ್ತಿತ್ತು ಎಂದು ನೋಡಿದರೆ ಹೆಚ್ಚು ಸಿಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅದಕ್ಕೊಂದು ಕ್ರಮವಿದೆ. ಮೊದಲು ಚಕ್ರವರ್ತಿಯ ಹೊಗಳಿಕೆ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ. ಅವನ ರಾಜ್ಯ ಸೂರ್ಯಚಂದ್ರರಿರುವವರೆಗೆ ‘ಸಲುತ್ತಮಿರೆ’ ಎಂದು ಮುಗಿದ ಮೇಲೆ ‘ತತ್ಪಾದಪದ್ಮೋಪಜೀವಿ’, ಅಂದರೆ ಅವನ ಪಾದಕಮಲವನ್ನು ನಂಬಿ ಬಾಳುವವನು, ಎಂಬ ಕೊಂಡಿ. ಅದರ ನಂತರವೇ ಸಾಮಂತನ ಸರದಿ: ‘ಸಮಧಿಗತಪಂಚಮಹಾಶಬ್ದ ಮಹಾಮಂಡಲೇಶ್ವರ’, ಊರು, ಕುಲ, ಧ್ವಜ, ಲಾಂಛನ, ವಾದ್ಯ, ಬಿರುದುಗಳು, ಕಡೆಗೆ ಹೆಸರು.

ನಿಷ್ಠ ಒಡೆಯರಿಗೆ ಪದ ಕೇಳಿದ್ದೀರಿ. ‘ಪಾದಪದ್ಮೋಪಜೀವಿ’ ಆ ಸಂಬಂಧದ ಹೆಸರು, ‘ಸಾಮಂತ’, ‘ಮಾಂಡಲಿಕ’ ಅಂತಸ್ತಿನ ಹೆಸರುಗಳು. ಪ್ರಾಣ ಕೊಡುವೆನೆಂದು ಆಣೆಯಿಟ್ಟ ಆಳಿಗೆ ‘ಲೆಂಕ’. ಹೊಯ್ಸಳರಲ್ಲಿ ಅಂಥವರಿಗೆ ‘ಗರುಡ’ ಎಂಬ ಹೆಸರೂ ಇತ್ತು. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಆತ್ಮಬಲಿದಾನದ ಶಾಸನಸ್ತಂಭ ಹಳೇಬೀಡಿನಲ್ಲಿದೆ. ಇವನ್ನು ಒಂದರ ಬದಲು ಒಂದು ಬಳಸಬೇಡಿ. ಸಾಮಂತ ಪಕ್ಷ ಬದಲಿಸಬಹುದು, ಲೆಂಕ ಬದಲಿಸಲಾರ.

ಮೇಲಿನ ಕ್ರಮವನ್ನು ಕಥನಕ್ಕೂ ಬಳಸಿಕೊಳ್ಳಬಹುದು. ಮೊರ್ವಾನರ ದಾನಪತ್ರಗಳನ್ನು ನಡುನಡುವೆ ಉದ್ಧರಿಸುವಿರಾದರೆ ಮೊದಲ ತಲೆಮಾರುಗಳಲ್ಲಿ ಅರಸನ ಹೊಗಳಿಕೆ ಉದ್ದವಾಗಿರಲಿ, ಆಮೇಲೆ ಕುಗ್ಗಲಿ, ದಂಗೆಯ ಮುಂಚಿನ ಪತ್ರದಲ್ಲಿ ಅದು ಇರದೇ ಹೋಗಲಿ. ಬಿರುದಿನ ಬೆಳವಣಿಗೆ ಅಧಿಕಾರದ ಬೆಳವಣಿಗೆ. ವಿಷ್ಣುವರ್ಧನ ಸುಮಾರು 1116ರಲ್ಲಿ ತಲಕಾಡು ಗೆದ್ದು ‘ತಲಕಾಡುಗೊಂಡ’ ಎಂದು ನಾಣ್ಯದ ಮೇಲೆ ಬರೆಸಿದರೂ ಔಪಚಾರಿಕವಾಗಿ ಮಹಾಮಂಡಲೇಶ್ವರನಾಗಿಯೇ ಉಳಿದ. ಚಕ್ರವರ್ತಿಯ ಬಿರುದುಗಳನ್ನು ಧರಿಸಿದ್ದು ಮೊಮ್ಮಗ ಇಮ್ಮಡಿ ಬಲ್ಲಾಳ.

ಊರಿನ ವಿಷಯದಲ್ಲಿ ಎರಡು ಪದಗಳು ಬೇಕು. ವಾಸವಾಗಿ ಆಳುವ ಊರು ‘ನೆಲೆವೀಡು’: ‘ದೋರಸಮುದ್ರದ ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ’. ಹಿರಿಯರು ಬಂದರೆಂದು ಹೇಳಿಕೊಳ್ಳುವ ಊರಿಗೆ ‘ಪುರವರಾಧೀಶ್ವರ’. ಇಲ್ಲಿ ‘ವರ’ ಎಂದರೆ ಶ್ರೇಷ್ಠ, ದೇವರು ಕೊಡುವ ವರವಲ್ಲ. ಸವದತ್ತಿಯ ರಟ್ಟರು ‘ಲತ್ತಲೂರ್ಪುರವರಾಧೀಶ್ವರ’ರು, ಅದು ಇಂದಿನ ಲಾತೂರು. ಶಿಲಾಹಾರರು ‘ತಗರಪುರವರಾಧೀಶ್ವರ’ರು. ಗುತ್ತಲದ ಗುತ್ತರಂತೂ ‘ಉಜ್ಜಯಿನೀಪುರವರಾಧೀಶ್ವರ’ರು. ಆ ಊರು ಇವರ ಕೈಯಲ್ಲಿರಬೇಕೆಂದಿಲ್ಲ, ಹಳಮೆಯ ಹಕ್ಕು ಸಾಧಿಸುವುದಷ್ಟೇ ಉದ್ದೇಶ. ಮೊರ್ವಾನರಿಗೂ ಕಡಲಾಚೆ ಅಂಥದೊಂದು ಊರು ಕೊಟ್ಟರೆ ಚರಿತ್ರೆಗೆ ಆಳ ಬರುತ್ತದೆ.

ಗುರುತಿನಲ್ಲೂ ಎರಡುಂಟು, ಅನೇಕರು ಇಲ್ಲಿ ಎಡವುತ್ತಾರೆ. ‘ಲಾಂಛನ’ ಮುದ್ರೆಯ ಮೇಲಿನದು, ‘ಧ್ವಜ’ ಬಾವುಟದ್ದು. ಎರಡೂ ಒಂದೇ ಆಗಬೇಕಿಲ್ಲ. ಹಾನಗಲ್ಲಿನ ಮತ್ತು ಗೋವೆಯ ಕದಂಬರದು ಸಿಂಹಲಾಂಛನ, ಆದರೆ ಬಾವುಟದಲ್ಲಿ ಕಪಿ. ಅವರ ಮುಂದೆ ಮೊಳಗುವ ವಾದ್ಯ ಪೆರ್ಮಟ್ಟಿ. ರಟ್ಟರದು ಸಿಂಧೂರಲಾಂಛನ, ಸುವರ್ಣಗರುಡಧ್ವಜ, ತ್ರಿವಳಿ ವಾದ್ಯ. ಪಂಚಮಹಾಶಬ್ದವೂ ಐದು ವಾದ್ಯಗಳ ಗೌರವ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಅದು ಮೇಲಿನವನು ದಯಪಾಲಿಸಿದ್ದು, ‘ಸಮಧಿಗತ’ ಎಂದರೆ ಪಡೆದುಕೊಂಡ. ಕೊಟ್ಟವನು ಕಿತ್ತುಕೊಳ್ಳಲೂಬಹುದೆಂಬ ಭಯ ಆ ಪದದೊಳಗೇ ಇದೆ.

ಹಾನಗಲ್ಲು, ಗೋವೆಗಳ ಉದಾಹರಣೆ ನಿಮ್ಮ ಕವಲುಗಳಿಗೂ ದಾರಿ. ಹೊಸ ಹೆಸರು ಕಟ್ಟಬೇಡಿ, ಊರನ್ನು ಮುಂದಿಡಿ. ಎರಡೂ ಕವಲಿನವರು ತಮ್ಮನ್ನು ‘ಬನವಾಸಿಪುರವರಾಧೀಶ್ವರ’ ಎಂದೇ ಕರೆದುಕೊಂಡರು. ಕವಲಾದ ಮೇಲೂ ಮೂಲದ ಊರನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಘೋಷಕ್ಕೆ ‘ಧ್ಯೇಯವಾಕ್ಯ’ ಎಂದರೆ ಶಾಲೆಯ ಫಲಕ ನೆನಪಾಗುತ್ತದೆ. ಮೈಸೂರು ಸಂಸ್ಥಾನದ ಲಾಂಛನದಲ್ಲಿ ‘ನ ಬಿಭೇತಿ ಕದಾಚನ’ (ಎಂದಿಗೂ ಹೆದರುವುದಿಲ್ಲ) ಎಂಬ ವಾಕ್ಯವಿದ್ದದ್ದು ನಿಜ, ಆದರೆ ಆ ಪದ್ಧತಿ ಯುರೋಪಿನಿಂದ ಬಂದದ್ದು. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದುದು ಬಿರುದು. ನಿಮಗೆ ಬೇಕಾದ ಅರ್ಥವೇ ವಿಜಯನಗರದ ಅರಸರ ಬಿರುದಿನಲ್ಲಿ ಸಿದ್ಧವಾಗಿದೆ: ‘ಭಾಷೆಗೆ ತಪ್ಪುವ ರಾಯರ ಗಂಡ’. ಭಾಷೆ ಎಂದರೆ ಕೊಟ್ಟ ಮಾತು. ಗಂಡ ಎಂದರೆ ಮೆಟ್ಟಿ ನಿಲ್ಲುವ ಶೂರ. ಇಂದಿನ ಓದುಗ ಅದನ್ನು ಪತಿ ಎಂದು ಓದುವ ಸಂಭವ ಇರುವುದರಿಂದ ಮೊದಲ ಸಲ ಬಂದಾಗ ಕಥೆಯೊಳಗೇ ಅರ್ಥ ಬಿಡಿಸಿ.

ಕರಡಿಗೆ ‘ಭಲ್ಲೂಕಲಾಂಛನ’ ಎನ್ನಬೇಕೋ ‘ಕರಡಿಲಾಂಛನ’ವೋ ಎಂಬ ಪ್ರಶ್ನೆಯೂ ಏಳುತ್ತದೆ. ಕನ್ನಡ, ಸಂಸ್ಕೃತ ಪದಗಳನ್ನು ಬೆಸೆಯುವುದು ಅರಿಸಮಾಸ. ಆದರೆ ಬಿರುದಾವಳಿಗಳಲ್ಲಿ ಅದು ದೋಷವಲ್ಲವೆಂದು ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಕೆಳದಿಯ ಸದಾಶಿವ ನಾಯಕನ ‘ಕೋಟೆಕೋಲಾಹಲ’ ಅಂಥದ್ದೇ. ‘ಕರಡಿಲಾಂಛನ’ ಧೈರ್ಯವಾಗಿ ಬರೆಯಿರಿ, ಕಿವಿಗೂ ಅದೇ ಬಲವಾಗಿ ಕೇಳುತ್ತದೆ.

ಉತ್ತರ 3

ಸೋದರಳಿಯನ ಪಟ್ಟದ ಬಗ್ಗೆ ಕರಾವಳಿಯ ಕಡೆಯಿಂದ ಒಂದು ಮಾತು. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ಬಂಗಾಡಿಯ ಬಂಗರು, ಕಾರ್ಕಳದ ಭೈರರಸರು ಇವರಲ್ಲಿ ಪಟ್ಟ ಸಾಗುತ್ತಿದ್ದುದೇ ಅಳಿಯಕಟ್ಟಿನಲ್ಲಿ. ಅಲ್ಲಿ ಸೋದರಿಯ ಮಗನಿಗೆ ಪಟ್ಟ ಹೋಗುವುದು ಸಹಜ ಕ್ರಮ, ಸಂತಾನವಿಲ್ಲದ್ದಕ್ಕೆ ಮಾಡಿಕೊಂಡ ಏರ್ಪಾಡಲ್ಲ. ಮೊರ್ವಾನರದು ಮಕ್ಕಳಕಟ್ಟು, ಅಂದರೆ ತಂದೆಯಿಂದ ಮಗನಿಗೆ ಪಟ್ಟ ಹೋಗುವ ಕ್ರಮ, ಎಂದಾದರೆ ಅಳಿಯನಿಗೆ ಪಟ್ಟ ಕಟ್ಟಿದ ಗಳಿಗೆಯಲ್ಲಿ ವಂಶ ಬದಲಾಯಿತು, ಮನೆತನ ಉಳಿಯಿತು. ಮೇಲೆ ಹೇಳಿದ ವ್ಯತ್ಯಾಸ ಇಲ್ಲಿ ಕಥೆಯನ್ನೇ ನಡೆಸುತ್ತದೆ. ದಾಯಾದಿಗಳು ‘ವಂಶ’ ಎಂದು ಕೂಗಲಿ, ಪಟ್ಟದವರು ‘ಮನೆತನ’ ಎಂದು ಉತ್ತರಿಸಲಿ.

ದತ್ತು ತಂದರೆ ಜಗಳ ಬೇರೆ ಬಗೆಯದು. ಆಗ ಮೇಲಿನ ಅಧಿಕಾರ ಒಪ್ಪಬೇಕು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಮಾನ್ಯ ಮಾಡದ್ದೇ ಯುದ್ಧಕ್ಕೆ ಮೂಲವಾಯಿತು.

ಹೆಸರೇ ಪದವಿಯಾಗುವ ರೂಢಿಯೂ ಇಲ್ಲಿದೆ. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದವರು ಅಜಿಲರು ಎಂದರೆ ಮನೆತನವೂ ಹೌದು, ಆಗ ಪಟ್ಟದಲ್ಲಿದ್ದ ಒಬ್ಬರೂ ಹೌದು. ಮೊದಲ ಉತ್ತರದಲ್ಲಿ ಇದನ್ನು ದೋಷವೆಂದಿದ್ದಾರೆ. ಕರಾವಳಿಯವರಿಗೆ ಅದು ದೋಷವಾಗಿ ಕಾಣುವುದಿಲ್ಲ, ಪಟ್ಟಕ್ಕೆ ಬಂದವನು ತಾನೇ ಮನೆತನವಾಗುತ್ತಾನೆ.

ಕಟ್ಟಡ ಮತ್ತು ಕುಟುಂಬ ಎರಡನ್ನೂ ಒಟ್ಟಿಗೆ ಹೇಳುವ ಪದ ಬೇಕೆಂದೇ ಇದ್ದರೆ ‘ಬೀಡು’ ಇದೆ. ಹಳಗನ್ನಡದಲ್ಲಿ ಅದು ಪಾಳೆಯ, ರಾಜಧಾನಿ, ನೆಲೆ. ತುಳುನಾಡಿನಲ್ಲಿ ಇಂದಿಗೂ ಒಡೆತನದ ಮನೆ. ‘ಬೀಡಿನವರು’ ಎಂದರೆ ಆ ಕುಟುಂಬ. ಕೊಡಗಿನಲ್ಲಿ ಇವೆರಡಕ್ಕೂ ಬೇರೆಬೇರೆ ಹೆಸರು: ಕುಟುಂಬ ‘ಒಕ್ಕ’, ಅದರ ಮೂಲಮನೆ ‘ಐನ್‌ಮನೆ’. ಬಡಗಣದ ದೇಸಾಯರ ‘ವಾಡೆ’ಯೂ ಚೆಂದವೇ, ಆದರೆ ಅದರ ಜೊತೆ ಮರಾಠರ ಕಾಲದ ವಾಸನೆ ಬರುತ್ತದೆ, ಕಲ್ಪಿತ ರಾಜ್ಯಕ್ಕೆ ಅಡ್ಡಿಯಾದೀತು.

ಕೇಳಿದವರಿಂದ

ಎಲ್ಲ ಸೇರಿಸಿ ಆರಂಭದ ಸಾಲುಗಳನ್ನು ಹೀಗೆ ತಿದ್ದಿದೆ, ನೋಡಿ:

“ಮೊರ್ವಾನರು ಕಡಲಾಚೆಯಿಂದ ಬಂದವರೆಂದು ಅವರ ಶಾಸನಗಳು ಹೇಳುತ್ತವೆ. ಕರಡಿಲಾಂಛನ ಅವರದು, ಧ್ವಜ ಬಿಳಿಯದು, ಬಿರುದು ಭಾಷೆಗೆ ತಪ್ಪುವರ ಗಂಡ. ಮೂರನೆಯ ತಲೆಮಾರಿನಲ್ಲಿ ಮನೆ ಒಡೆದು, ಹಿರಿಯನು ತೀರದ ಕೋಟೆಯ ನೆಲೆವೀಡಿನಲ್ಲಿ ಉಳಿದನು, ಕಿರಿಯನು ಒಳನಾಡಿಗೆ ಹೋದನು. ಏಳನೆಯವನ ಕಾಲಕ್ಕೆ ವಂಶ ನಿಂತಿತು. ಮನೆತನ ನಿಲ್ಲಲಿಲ್ಲ.”

ಉತ್ತರ 2ರವರಿಂದ ಮತ್ತೆ

ಕೊನೆಯ ಎರಡು ವಾಕ್ಯಗಳಲ್ಲಿ ‘ನಿಂತಿತು’ ಎಂಬುದಕ್ಕೆ ಕೊನೆಗೊಂಡಿತು, ಉಳಿದುಕೊಂಡಿತು ಎಂದು ಎರಡೂ ಅರ್ಥ ಹೊರಡುತ್ತದೆ. ‘ವಂಶ ಅಳಿಯಿತು, ಮನೆತನ ಅಳಿಯಲಿಲ್ಲ’ ಎಂದು ಮಾಡಿ. ಅಳಿಯನಿಗೆ ಪಟ್ಟವಾಗುವ ಕಥೆಯಾದ್ದರಿಂದ ಆ ಕ್ರಿಯಾಪದ ಇನ್ನೊಂದು ದನಿಯನ್ನೂ ಕೊಡುತ್ತದೆ.