ಸಹಾಯ ಬೇಕು: ಮಿನಿಯಾಪೊಲಿಸ್ ಚಳಿಗೆ ಟೈರಲ್ಲಿ ಗಾಳಿ ಎಷ್ಟಿರಬೇಕು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಇಲ್ಲಿಗೆ ಬಂದ ಮೇಲೆ ನಮಗಿದು ಮೊದಲ ಚಳಿಗಾಲ. ಊರಲ್ಲಿ ಬಂಕಿನ ಹುಡುಗ ಹಾಕಿದಷ್ಟೇ ಗಾಳಿ, ನಾನು ಯೋಚನೆಯನ್ನೇ ಮಾಡಿರಲಿಲ್ಲ.

ನಿನ್ನೆ ಬೆಳಿಗ್ಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್. ಮಗಳನ್ನು ಡೇಕೇರ್‌ಗೆ ಬಿಡಲು ಹೊರಟು ಎರಡು ಸಿಗ್ನಲ್ ದಾಟಿರಲಿಲ್ಲ, ಟೈರಿನ ಹಳದಿ ದೀಪ ಹತ್ತಿಕೊಂಡಿತು. ಕೈ ಮರಗಟ್ಟುತ್ತಿದ್ದರೂ ಗೇಜ್ ಹಚ್ಚಿ ನೋಡಿದೆ: 26, 27, 26, 26. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಇರಬೇಕಾದ ಗಾಳಿಯ ಒತ್ತಡ 35 ಪಿಎಸ್‌ಐ ಅಂತಿದೆ. ನಾಲ್ಕೂ ಒಂದೇ ಸಮ ಇಳಿದಿರೋದರಿಂದ ಪಂಕ್ಚರ್ ಇರಲಾರದು. ಅಕ್ಟೋಬರಿನಲ್ಲಿ ತುಂಬಿಸಿದ್ದೇ ಕೊನೆ.

ನನ್ನ ಗೊಂದಲ ಇಷ್ಟು. ಸುಮಾರು 5.6 ಡಿಗ್ರಿ ಸೆಲ್ಸಿಯಸ್ ಇಳಿದರೆ 1 ಪಿಎಸ್‌ಐ ಕಡಿಮೆಯಾಗುತ್ತದೆ. ನಮ್ಮ ಗ್ಯಾರೇಜ್ ಒಳಗೆ 10 ಡಿಗ್ರಿ ಇರುತ್ತೆ. ಅಲ್ಲೇ 35 ತುಂಬಿಸಿದರೆ ಹೊರಗೆ 30ಕ್ಕೆ ಬರುತ್ತೆ. ಹಾಗಾದರೆ ಗ್ಯಾರೇಜಿನಲ್ಲೇ 40 ಹಾಕಿಬಿಡಲೇ? ಟೈರಿನ ಮೇಲಿರುವ 51 ಗರಿಷ್ಠ ಮಿತಿ ಅಂತ ಗೊತ್ತು, ಅದನ್ನು ಕೇಳ್ತಿಲ್ಲ.

ಹಿಮದಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಕಡಿಮೆ ಇಡಿ ಎಂದರು ಆಫೀಸಿನಲ್ಲೊಬ್ಬರು. ಹಿಂದಿನ ಸೀಟಲ್ಲಿ ಮಗು ಇರುವಾಗ ನನಗೆ ಧೈರ್ಯ ಬರ್ತಿಲ್ಲ. ಶನಿವಾರ ಡುಲೂತ್‌ಗೆ ಹೋಗಬೇಕು, ಹೋಗುವಾಗಲೇ 150 ಮೈಲಿ. ಇಲ್ಲಿ ನಾಲ್ಕಾರು ಚಳಿಗಾಲ ಗಾಡಿ ಓಡಿಸಿದವರು ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.