ಸಹಾಯ ಬೇಕು: ಬಿ.ಕಾಂ. ಆದಮೇಲೆ ಕನ್ನಡ ಎಂ.ಎ.

ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದವಳು ನಾನು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಓದುವುದು ಜಾಸ್ತಿ ಕಾದಂಬರಿಗಳನ್ನೇ. ನಿರಂಜನರ ‘ಚಿರಸ್ಮರಣೆ’ ಎಷ್ಟು ಸಲ ಓದಿದರೂ ಸಾಲದು. ನಮ್ಮದೇ ಜಿಲ್ಲೆಯ ಕಯ್ಯೂರಿನ ರೈತರ ಕಥೆ ಅಲ್ವಾ! 1943ರಲ್ಲಿ ಅಲ್ಲಿನ ನಾಲ್ವರನ್ನು ಗಲ್ಲಿಗೇರಿಸಿದರು. ಇಂಥ ಬರವಣಿಗೆ ನಮ್ಮ ಗಡಿನಾಡಿನಿಂದ ಇನ್ನೂ ಬರಬೇಕು. ಕವಿತೆ ಮಾತ್ರ ಅಷ್ಟಾಗಿ ಒಗ್ಗಿಲ್ಲ, ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಬಿಟ್ಟರೆ.

ಈಗ ಕನ್ನಡ ಎಂ.ಎ. ಮಾಡಲೇಬೇಕು ಅನ್ನಿಸಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡು ಸರ್ಕಾರಿ ಕಾಲೇಜು, ಎರಡರಲ್ಲೂ ಕನ್ನಡ ವಿಭಾಗವಿದೆ. ಬಿ.ಕಾಂ. ಓದಿದವರಿಗೆ ಸೀಟು ಸಿಗುತ್ತದಾ? ಕೆಲಸ ಬಿಡಲಾಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಕೇರಳದವರು ಸೇರಬಹುದಾ? ಹಳಗನ್ನಡ ಒಬ್ಬಳೇ ಕಲಿಯಲು ಪಂಪನಿಂದ ಶುರು ಮಾಡಲೋ, ‘ವಡ್ಡಾರಾಧನೆ’ಯ ಗದ್ಯದಿಂದಲೋ? ಓದಿದವರು, ಪಾಠ ಮಾಡುವವರು ದಯವಿಟ್ಟು ತಿಳಿಸಿ.