ಪದಚರ್ಚೆ: ಪೈಥಾನಿನ ‘ಇನ್’ ಹುಡುಕುವುದು ಪದವನ್ನೋ, ತುಣುಕನ್ನೋ?

ಪ್ರಶ್ನೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠಕ್ಕೆ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. “ಸ್ಟ್ರಿಂಗಿನಲ್ಲಿ (ಪಠ್ಯದ ಸಾಲಿನಲ್ಲಿ) ಒಂದು ಪದ ಇದೆಯೇ ಎಂದು ‘ಇನ್’ ನೋಡುತ್ತದೆ” ಎಂದರೆ ಸರಿಯೇ? ಸಬ್‌ಸ್ಟ್ರಿಂಗಿಗೆ, ಅಂದರೆ ಅದರೊಳಗಿನ ಭಾಗಕ್ಕೆ, ‘ಉಪಪದ’ ಎನ್ನಬಹುದೇ?

ಉತ್ತರ: ‘ಪದ’ ಬೇಡ ಸಾರ್. 'ಮರ' ಇನ್ 'ಸಮರ' ಎಂದು ಕೊಟ್ಟು ನೋಡಿ, ಟ್ರೂ (ಹೌದು) ಬರುತ್ತದೆ. ಯುದ್ಧದೊಳಗೆ ಮರ ಎಲ್ಲಿಂದ ಬಂತು? ‘ಇನ್’ಗೆ ಪದದ ಗಡಿ ಗೊತ್ತಿಲ್ಲ, ಎಡಗಡೆ ಕೊಟ್ಟದ್ದು ಬಲಗಡೆ ಅದೇ ಕ್ರಮದಲ್ಲಿ, ಬಿಡುವಿಲ್ಲದೆ ಸಿಕ್ಕರೆ ಸಾಕು. ಖಾಲಿ ಸ್ಟ್ರಿಂಗ್ ಕೊಟ್ಟರೂ ಟ್ರೂ. ‘ಉಪಪದ’ಕ್ಕೆ ವ್ಯಾಕರಣದಲ್ಲಿ ಬೇರೆಯೇ ಅರ್ಥವಿದೆ. ‘ತುಣುಕು’ ಅನ್ನಿ.

‘ಅಕ್ಷರ’ ಎನ್ನುವಾಗಲೂ ಹುಷಾರು. ಪೈಥಾನ್ ಎಣಿಸುವುದು ನಮ್ಮ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತವನ್ನು. ‘ಕನ್ನಡ’ದ ಉದ್ದ 3 ಅಲ್ಲ, 5: ಕ, ನ, ಅರ್ಧಾಕ್ಷರದ ಚಿಹ್ನೆ (್), ನ, ಡ. ಹಾಗಾಗಿ 'ಕ' ಇನ್ 'ಕೋಟೆ' ಟ್ರೂ. ಆದರೆ 'ಊರು' ಇನ್ 'ಬೆಂಗಳೂರು' ಫಾಲ್ಸ್! ಊರು ಶುರುವಾಗುವುದು ಊ ಎಂಬ ಸ್ವರದಿಂದ, ಬೆಂಗಳೂರಿನಲ್ಲಿರುವುದು ಳಕಾರಕ್ಕೆ ಅಂಟಿದ ಕೊಂಬಿನ ದೀರ್ಘ. ಸಂಕೇತಗಳೇ ಬೇರೆ. ‘ಊರಿನಲ್ಲಿ’ಯಲ್ಲೂ ‘ಊರು’ ಸಿಗದು, ಕೊಂಬು ಬಿದ್ದುಹೋಗಿರುತ್ತದೆ.

ಕಣ್ಣಿಗೆ ಒಂದೇ ಕಂಡು ಫಾಲ್ಸ್ ಬಂದರೆ ಟೈಪಿಂಗ್ ಅನುಮಾನಿಸಿ. ‘ಕೋ’ದ ಓತ್ವ ಒಂದೇ ಸಂಕೇತವಾಗಿರಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರಾಗಿಯೂ ಇರಬಹುದು. ಎರಡೂ ಕಡೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಅನ್ನು ‘ಎನ್‌ಎಫ್‌ಸಿ’ ಕೊಟ್ಟು ಓಡಿಸಿ, ಬಿಡಿ ಸಂಕೇತಗಳು ಒಂದಾಗುತ್ತವೆ. ‘ರಾಜ್‌ಕುಮಾರ್’ನ ನಡುವೆ ಅಕ್ಷರ ಕೂಡದಂತೆ ತಡೆಯುತ್ತ ಕಾಣದೆ ಕೂತ ಸಂಕೇತ ಝಡ್‌ಡಬ್ಲ್ಯುಎನ್‌ಜೆ ಮಾತ್ರ ಇದರಿಂದ ಹೋಗದು; ರಿಪ್ಲೇಸ್ ಮಾಡಿ ತೆಗೆಯಬೇಕು.

ಇಡೀ ಪದವೇ ಬೇಕೆಂದರೆ ವಾಕ್ಯವನ್ನು ಸ್ಪ್ಲಿಟ್ ಮಾಡಿ (ಪದಗಳಾಗಿ ಒಡೆದು) ಬರುವ ಲಿಸ್ಟಿನ ಮೇಲೆ ‘ಇನ್’ ಬಳಸಿ. ಅಲ್ಲಿ ಪೂರ್ತಿ ಸಮವಾದದ್ದೇ ಆಗಬೇಕು. ಅಲ್ಪವಿರಾಮ ಅಂಟಿದ ‘ಮರ,’ ತಪ್ಪಿಹೋಗುತ್ತದೆ, ಮೊದಲು ಉದುರಿಸಿ. ಆರ್‌ಇ ಮಾಡ್ಯೂಲಿನ ‘ಬ್ಯಾಕ್‌ಸ್ಲ್ಯಾಶ್ ಬಿ’ (ಪದದ ಗಡಿ ಹುಡುಕುವ ಗುರುತು) ನಂಬಬೇಡಿ: ಗುಣಿತದ ಚಿಹ್ನೆಗಳನ್ನು ಅದು ಪದದ ಭಾಗವೆಂದೇ ಎಣಿಸದು, ‘ಮರಿ’ಯೊಳಗೂ ‘ಮರ’ ಸಿಕ್ಕಿತೆನ್ನುತ್ತದೆ.

ತುಣುಕು ಹುಡುಕುವ ಇನ್ನೊಂದು ವಿಧಾನವಾದ ‘ಫೈಂಡ್’ ಬಗ್ಗೆ ಬರೆಯುವುದಾದರೆ, ಅದು ಕೊಡುವುದು ಹೌದು-ಇಲ್ಲವಲ್ಲ, ಸ್ಥಾನ. ಮೊದಲಿಗೇ ಸಿಕ್ಕರೆ 0, ಸಿಗದಿದ್ದರೆ -1. ನೇರ ‘ಇಫ್’ಗೆ ಹಾಕಿದರೆ 0 ಸುಳ್ಳಾಗಿ, -1 ನಿಜವಾಗಿ ಉಲ್ಟಾ ಹೊಡೆಯುತ್ತದೆ.